ಮೇಣದೊಳಗಿನ ಚೂರು

“ಈ ಚೂರು ವಿರುಪಾಕ್ಷಪ್ಪನವರದು ಅಲ್ರಿ,” ಎಂದರು ಡಾಕ್ಟರ್ ಅಪೂರ್ವ, ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ.

ಭರತ ಕುರ್ಚಿಯಿಂದ ಎದ್ದ. ಎದ್ದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಮತ್ತೆ ಕೂತ. ಅವನ ಕೈಯಲ್ಲಿದ್ದ ಚಹಾದ ಕಪ್ಪನ್ನು ನಾನೇ ಇಸಿದುಕೊಂಡು ಮೇಜಿನ ಮೇಲಿಟ್ಟೆ.

“ಇನ್ನೊಮ್ಮೆ ಹೇಳ್ರಿ ಡಾಕ್ಟರ್,” ಎಂದರು ಅನುಸೂಯಾಬಾಯಿ. ದನಿಯಲ್ಲಿ ಅವಸರವಿರಲಿಲ್ಲ. ಚಿಕ್ಕೋಡಿ ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದಾಗಲೂ ಕಳ್ಳ ತಪ್ಪೊಪ್ಪಿಕೊಂಡ ಮೇಲೆ ಇನ್ನೊಮ್ಮೆ ಹೇಳಿಸುವುದು ಅವರ ರೂಢಿ.

“ಈ ಮೇಣದೊಳಗ ಇರೂ ಚೂರು ಅವರ ಮೈಯಿಂದ ತಗದದ್ದಲ್ಲ. ಬ್ಯಾರೆ ಯಾರದೋ.”

ಕಳೆದ ವಾರದ ಕಂತು ಓದದೆ ಉಳಿದವರಿಗೆ ಇಷ್ಟು ಹೇಳಿದರೆ ಸಾಕು: ಕಾಗವಾಡದ ಬಳಿಯ ದ್ರಾಕ್ಷಿ ತೋಟದ ಒಡೆಯ ವಿರುಪಾಕ್ಷಪ್ಪನವರಿಗೆ ಮೂತ್ರಕೋಶದ ಕ್ಯಾನ್ಸರ್ ಎಂದು ನಿಪ್ಪಾಣಿಯ ಈ ಲ್ಯಾಬಿನಿಂದ ವರದಿ ಹೋಗಿದೆ, ಬರುವ ಸೋಮವಾರ ಮಿರಜಿನಲ್ಲಿ ಅವರ ಮೂತ್ರಕೋಶವನ್ನೇ ತೆಗೆದುಹಾಕುವವರಿದ್ದಾರೆ, ಯಾರೋ ಬೇಕೆಂದೇ ವರದಿ ಬದಲಿಸಿದ್ದಾರೆ ಎಂದು ಮಗ ಭರತ ನಮ್ಮಲ್ಲಿಗೆ ಬಂದು ಆರು ದಿನವಾಯಿತು. ಇವತ್ತು ಶನಿವಾರ.

ನಮ್ಮಲ್ಲಿಗೆ ಎಂದರೆ ನಿವೃತ್ತ ಅನುಸೂಯಾಬಾಯಿ ಮತ್ತು ಚಿಕ್ಕೋಡಿ ಕೋರ್ಟಿನಲ್ಲಿ ಮೂವತ್ತೊಂದು ವರ್ಷ ಟೈಪು ಹೊಡೆದ ನಾನು, ಸಂಭಾಜಿ. ಪತ್ತೆ ಮಾಡುವುದು ಅವರು, ಬರೆಯುವುದು ನಾನು, ನಡುವೆ ತಪ್ಪು ಊಹೆ ಮಾಡುವುದೂ ನಾನೇ.

ನನ್ನ ಊಹೆ ಮೊದಲ ದಿನದಿಂದ ಧನಪಾಲನ ಮೇಲಿತ್ತು. ಉಗಾರ ಖುರ್ದದ ದವಾಖಾನೆಯಿಂದ ಪರೀಕ್ಷೆಯ ಬಾಟಲಿಗಳನ್ನು ಮೋಟಾರ್ ಸೈಕಲ್ ಮೇಲೆ ನಿಪ್ಪಾಣಿಗೆ ತರುವವನು ಅವನು. ವಿರುಪಾಕ್ಷಪ್ಪನವರ ಪಕ್ಕದ ಹೊಲವೂ ಅವನದೇ. ಇಬ್ಬರ ನಡುವಿನ ಬಾವಿಯ ನೀರಿಗಾಗಿ ಜಗಳವಾಗಿ ಮೂರು ವರ್ಷದಿಂದ ಮಾತಿಲ್ಲ. ಕೈಯಲ್ಲಿ ಬಾಟಲಿ, ಹೊಟ್ಟೆಯಲ್ಲಿ ಸಿಟ್ಟು. ಕಳೆದ ಕಂತಿನಲ್ಲಿ ಅವನ ಮೀಸೆಯನ್ನು ಕೂಡ ನಾನು ಅನುಮಾನದಿಂದ ವರ್ಣಿಸಿದ್ದೆ.

“ಹೆಂಗ ಗೊತ್ತಾತ್ರಿ?” ಎಂದ ಭರತ.

ಅಪೂರ್ವ ತಿರುಗಿ ಕೂತರು. ರಾಯಬಾಗದ ಹುಡುಗಿ. ಈ ಲ್ಯಾಬಿಗೆ ಬಂದು ಇನ್ನೂ ತಿಂಗಳಾಗಿಲ್ಲ, ಹಳೆಯ ವರದಿ ಬರೆದವರು ಬೇರೆಯವರು. ನಮ್ಮ ಕೋರಿಕೆಗೆ ಒಪ್ಪಿ ಹಳೆಯ ಮೇಣದ ಅಚ್ಚುಗಳನ್ನು ಮತ್ತೆ ತೆಗೆಸಿ ನೋಡಿದ್ದಕ್ಕೆ ಅವರಿಗೆ ನಾನು ಜೀವಮಾನವಿಡೀ ಋಣಿ.

“ಮೈಯಿಂದ ತಗದ ಚೂರನ್ನ ಮೇಣದಾಗ ಕೂಡಿಸಿ, ತೆಳ್ಳಗ ಹೆರದು, ಗಾಜಿನ ಮ್ಯಾಲೆ ಇಡತೀವ್ರಿ. ಆಮ್ಯಾಲೆ ಬಣ್ಣಾ. ಒಂದೊಂದು ಅಂಗದ ಜೀವಕೋಶಕ್ಕ ತನ್ನದಽ ಪ್ರೋಟೀನಿನ ಗುರುತು ಇರತೈತಿ. ಆ ಪ್ರೋಟೀನ ಇದ್ದಲ್ಲಿ ಬಣ್ಣಾ ಕಂದು ಆಗತೈತಿ. ಇಲ್ಲದಿದ್ರ ನೀಲಿ ಉಳೀತೈತಿ.”

“ಸರಿ,” ಎಂದರು ಅನುಸೂಯಾಬಾಯಿ.

“ಗಾಟಾ-ತ್ರೀ ಅಂತ ಒಂದು ಪ್ರೋಟೀನ ಐತಿ. ಮೂತ್ರಕೋಶದ ಕ್ಯಾನ್ಸರಿನ್ಯಾಗ ಇರತೈತಿ. ಈ ಚೂರಿಗೆ ಅದೊಂದಽ ಬಣ್ಣಾ ಹಚ್ಚಿ ನೋಡ್ಯಾರ. ಕಂದು ಬಂದೈತಿ. ಫಾರ್ಮಿನ್ಯಾಗ ಮೂತ್ರಕೋಶ ಅಂತ ಬರದಿತ್ತು. ಎರಡೂ ಕೂಡಿಸಿ ವರದಿ ಕೊಟ್ಟಾರ.”

“ಅದರಾಗ ತಪ್ಪೇನೈತಿ?”

“ಗಾಟಾ-ತ್ರೀ ಇನ್ನೊಂದು ಕಡೀನೂ ಇರತೈತ್ರಿ ಬಾಯಾರ. ಹೆಣ್ಣಮಕ್ಕಳ ಎದಿಯೊಳಗ.”

ಅಪೂರ್ವ ನನ್ನನ್ನು ಕರೆದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು. ಒಂದು ಕಣ್ಣು ಮುಚ್ಚಿ ನೋಡಿದೆ. ಮೊದಲ ಎರಡು ಗಾಜುಗಳಲ್ಲಿ ಬರೀ ನೀಲಿ. ಅವು ಮೂತ್ರಕೋಶದ್ದೇ ಆದ ಎರಡು ಪ್ರೋಟೀನುಗಳ ಪರೀಕ್ಷೆ, ಎರಡೂ ಇಲ್ಲ. ಆಮೇಲಿನ ಎರಡರಲ್ಲಿ ನಿಪ್ಪಾಣಿಯ ಒಣ ತಂಬಾಕಿನ ಬಣ್ಣ ದಟ್ಟವಾಗಿ ಹರಡಿತ್ತು. ಅವು ಸ್ತನದ ಜೀವಕೋಶದ ಪ್ರೋಟೀನುಗಳಂತೆ, ಎರಡೂ ಇವೆ. ಜೀವಮಾನದಲ್ಲಿ ಕಾಗದದ ಮೇಲಿನ ಸಾಕ್ಷಿಯನ್ನಷ್ಟೇ ನೋಡಿದ ನನಗೆ ಮೈ ಜುಮ್ಮೆಂದಿತು.

“ಗಂಡಸರಿಗೂ ಅಲ್ಲಿ ಬರತೈತಿ ಅಂತಾರಲ್ರಿ?” ಅನುಸೂಯಾಬಾಯಿ ಬಿಡಲಿಲ್ಲ.

“ಭಾಳ ಅಪರೂಪ. ಅದಕ್ಕಽ ನಾ ಚೂರಿನ ಆಕಾರಾನೂ ನೋಡಿದೆ. ಮೂತ್ರಕೋಶದೊಳಗ ದುರ್ಬೀನು ಹಾಕಿ ತಗದದ್ದು ಸುರುಳಿ ಸುರುಳಿ ಇರತೈತಿ, ಅಂಚು ಸುಟ್ಟಿರತೈತಿ. ಇದು ಶ್ಯಾವಿಗಿ ಹಂಗ ಉದ್ದಕ ಐತಿ. ಸೂಜಿ ಹಾಕಿ ತಗದದ್ದು. ಮೂತ್ರಕೋಶಕ್ಕ ಹಂಗ ಸೂಜಿ ಹಾಕೂದಿಲ್ಲ.”

“ಮತ್ತ ಅಪ್ಪಂದು ಎಲ್ಲೈತಿ?” ಭರತ ಈಗ ಎದ್ದೇ ನಿಂತಿದ್ದ.

“ನಿಮ್ಮಪ್ಪಂದು ಇನ್ನೊಂದು ಅಚ್ಚಿನ್ಯಾಗ ಐತಿ. ಈ ಫಾರ್ಮಿನ ಕೂಡ ಎರಡು ಬಾಟಲಿ ಬಂದಿದ್ವು. ಮೊದಲನೇದರಾಗ ಸುರುಳಿ ಚೂರು. ಮೂತ್ರಕೋಶದ ಗುರುತು ಎಲ್ಲಾ ಅದರಾಗ ಇದ್ದಲ್ಲೇ ಅದಾವ. ಹರಳಿನಿಂದ ಬಾವು ಬಂದೈತಿ, ಅಷ್ಟಽ. ಕ್ಯಾನ್ಸರ್ ಇಲ್ಲ.”

ಭರತ ಅತ್ತ. ನಲವತ್ತರ ಗಂಡಸು, ಮುಖ ಮುಚ್ಚಿಕೊಳ್ಳದೆ ಅತ್ತ. ನಾನೂ ಕನ್ನಡಕ ಒರೆಸಿಕೊಂಡೆ. ಆರು ದಿನದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದು, ಹಸಿವಾಗಿದೆ ಎಂಬುದು ಆಗಲೇ ನೆನಪಾಯಿತು.

ಅಪೂರ್ವ ಅಲ್ಲಿಂದಲೇ ಮಿರಜಿನ ಸರ್ಜನ್ನರಿಗೆ ಫೋನು ಮಾಡಿದರು. ಹತ್ತು ನಿಮಿಷ ಇಬ್ಬರೂ ಇಂಗ್ಲಿಷಿನಲ್ಲಿ ಮಾತಾಡಿದರು. ಫೋನು ಇಟ್ಟು, “ಸೋಮವಾರದ ಆಪರೇಷನ್ ಇಲ್ಲ. ಖಾತ್ರಿಗೆ ಇನ್ನೊಮ್ಮೆ ದುರ್ಬೀನು ಹಾಕಿ ನೋಡ್ತಾರ, ಹರಳು ತಗೀತಾರ,” ಎಂದರು.

ಭರತ ಅವರ ಕಾಲಿಗೆ ಬೀಳಲು ಹೋದ. ಆಕೆ ಹೌಹಾರಿ ಕುರ್ಚಿಯ ಹಿಂದೆ ಸರಿದರು.

“ಕಾಲಿಗೆ ಬೀಳೂದು ಬಿಡ್ರಿ. ಆ ಸೂಜಿ ಚೂರು ಯಾರದೋ ಒಬ್ಬ ಹೆಣ್ಣಮಗಳದು. ಅಕಿನ್ನ ಹುಡುಕ್ರಿ. ಅಕಿಗೆ ಇರೂದು ಔಷಧಕ್ಕ ಬಗ್ಗೂ ಜಾತಿದು, ಈಗ ಹಿಡದ್ರ ಉಳೀತಾಳ. ಆದ್ರ ಆಗಲೇ ಐದು ವಾರ ಹೋಗೈತಿ. ಇನ್ನ ತಡಾ ಮಾಡಬಾರದು.”

ನಿಜ ಹೇಳುತ್ತೇನೆ, ಆ ಗಳಿಗೆಯವರೆಗೆ ಅವಳ ಯೋಚನೆ ನನಗೆ ಬಂದಿರಲಿಲ್ಲ.

“ಧನಪಾಲನಽ ಅದಲು ಬದಲು ಮಾಡ್ಯಾನ್ರಿ,” ಎಂದ ಭರತ, ಕಣ್ಣೊರೆಸಿಕೊಳ್ಳುತ್ತ.

“ಧನಪಾಲಗ ಯಾರದೋ ಎದಿ ಚೂರು ಎಲ್ಲಿ ಸಿಗಬೇಕೋ ತಮ್ಮಾ?” ಎಂದರು ಅನುಸೂಯಾಬಾಯಿ. “ಡಾಕ್ಟರ್, ಖಾಲಿ ಬಾಟಲಿ ಇಟ್ಟೀರೇನು?”

ಲ್ಯಾಬಿನವರು ಎರಡು ತಿಂಗಳು ಬಾಟಲಿ ಎಸೆಯುವುದಿಲ್ಲ. ತಂದು ತೋರಿಸಿದರು. ಎರಡು ಪುಟ್ಟ ಬಾಟಲಿ, ಎರಡನ್ನೂ ಒಂದೇ ದಾರದಿಂದ ಕಟ್ಟಿದ ಗುರುತು. ಎರಡರ ಮೇಲೂ ‘ವಿರುಪಾಕ್ಷಪ್ಪ, ೨೧೨’ ಎಂಬ ಬರಹ. ಒಂದೇ ಕೈ, ಒಂದೇ ಪೆನ್ನು.

ಅನುಸೂಯಾಬಾಯಿ ಅವನ್ನು ಬೆಳಕಿಗೆ ಹಿಡಿದು ನೋಡಿ ನನ್ನ ಕಡೆ ತಿರುಗಿದರು. “ಸಂಭಾಜಿರಾವ್, ಇದು ದವಾಖಾನಿಯವರ ಅಕ್ಷರ. ನಿಮ್ಮ ಧನಪಾಲನ ಮೀಸಿ ಬಿಡ್ರಿ ಇನ್ನ.”

ಬಿಟ್ಟೆ. ಮೀಸೆಯ ಬಗ್ಗೆ ಬರೆದದ್ದಕ್ಕೆ ಇಲ್ಲಿಯೇ ಕ್ಷಮೆಯನ್ನೂ ಕೇಳುತ್ತೇನೆ.

ಭರತನ ಜೀಪಿನಲ್ಲಿ ಚಿಕ್ಕೋಡಿ ದಾಟಿ, ರಾಯಬಾಗದ ಮೇಲೆ ಹಾದು, ಕುಡಚಿಯ ಸೇತುವೆಯಿಂದ ಕೃಷ್ಣೆಯನ್ನು ದಾಟಿದಾಗ ಮಧ್ಯಾಹ್ನ ಎರಡೂವರೆ. ದಾರಿಯುದ್ದಕ್ಕೂ ಭರತ ಹಾಡು ಗುನುಗುತ್ತಿದ್ದ. ಶ್ರುತಿ ತಪ್ಪುತ್ತಿತ್ತು, ಆದರೂ ಯಾರೂ ಬೇಡವೆನ್ನಲಿಲ್ಲ. ಉಗಾರದಲ್ಲಿ ಇಳಿಯುತ್ತಲೇ ಮನೆಗೆ ಫೋನು ಮಾಡುತ್ತೇನೆಂದು ಅವನು ಹೊರಗೇ ನಿಂತ. ನಾವಿಬ್ಬರು ಒಳಗೆ ಹೋದೆವು.

ಆ ದವಾಖಾನೆಯನ್ನು ಜನ ಗುರುವಾರದ ದವಾಖಾನೆ ಎನ್ನುತ್ತಾರೆ. ಗುರುವಾರ ಹೊರಗಿನಿಂದ ಸರ್ಜನ್ ಬರುತ್ತಾರೆ, ಅವತ್ತು ಕಾಲಿಡಲು ಜಾಗವಿರುವುದಿಲ್ಲ. ಶನಿವಾರ ಬಾಗಿಲಲ್ಲಿ ಒಂದು ನಾಯಿ ಮಲಗಿತ್ತು. ಒಳಗೆ ಕಂಪೌಂಡರ್ ನಾಮದೇವ ಒಬ್ಬನೇ ಗುಳಿಗೆಗಳನ್ನು ಡಬ್ಬಿಗೆ ತುಂಬುತ್ತಿದ್ದ. ಐವತ್ತು ದಾಟಿದ ಮನುಷ್ಯ, ಕೆಲಸದಲ್ಲಿ ಅಚ್ಚುಕಟ್ಟು ಎಂದು ಹೆಸರು.

ಅನುಸೂಯಾಬಾಯಿ ಪೀಠಿಕೆ ಹಾಕಲಿಲ್ಲ. “ನಾಮದೇವ, ಎರಡನೂರಾ ಹನ್ನೆರಡು ಯಾರ ನಂಬರ?”

“ವಿರುಪಾಕ್ಷಪ್ಪ ಸಾವಕಾರ್ರದ್ರಿ.”

“ಅವರೊಬ್ಬರದಽ?”

“ಅವರ ಮನೀದು.”

“ಬಿಡಿಸಿ ಹೇಳು.”

ನಾಮದೇವ ಗುಳಿಗೆ ಡಬ್ಬಿ ಮುಚ್ಚಿದ. “ಮನಿಗೊಂದು ಕಾರ್ಡ್ ಇರತೈತ್ರಿ ಬಾಯಾರ, ಹಿರೇರ ಹೆಸರೀಲೆ. ಸೊಸಿಗೆ ಜ್ವರಾ ಬಂದ್ರೂ ಅದಽ ಕಾರ್ಡ್, ಮೊಮ್ಮಗ ಕಾಲ ಮುರಕೊಂಡ್ರೂ ಅದಽ. ಮೂವತ್ತು ವರ್ಷದಿಂದ ಹಂಗಽ ನಡಸ್ಕೋತ ಬಂದೀವಿ. ಒಂದು ಮನಿ ಕಾಗದಾ ಎಲ್ಲಾ ಒಂದಽ ಕಡೆ ಇರತಾವ, ಹುಡಕಾಕ ಸಲೀಸು.”

“ಆ ಗುರುವಾರದ ರಜಿಸ್ಟರ್ ತಗೀ.”

ತೆಗೆದ. ಬೆರಳಿಟ್ಟು ಓದುತ್ತ ಹೋದವನ ಬೆರಳು ಒಂದು ಕಡೆ ನಿಂತಿತು. ಮುಂಜಾನೆ ಹನ್ನೊಂದಕ್ಕೆ ಎರಡನೂರಾ ಹನ್ನೆರಡು, ದುರ್ಬೀನು. ಪುಟದ ಕೆಳಗೆ, ಮಧ್ಯಾಹ್ನ ನಾಲ್ಕಕ್ಕೆ, ಮತ್ತೆ ಎರಡನೂರಾ ಹನ್ನೆರಡು. ಸೂಜಿ.

“ಒಬ್ಬ ಮನಷ್ಯಾಗ ಒಂದಽ ದಿನ ಎರಡು?” ಎಂದರು ಅನುಸೂಯಾಬಾಯಿ.

“ಅಲ್ರಿ.” ನಾಮದೇವನ ಮುಖ ಬಿಳುಚಿತು. “ಎರಡನೇದು ಅವರ ಮನಿ ಹೆಣ್ಣಮಗಳದು.”

“ಫಾರ್ಮ್ ಎಷ್ಟು ಬರದಿ?”

“ಒಂದು.”

“ಯಾಕ?”

“ಅವತ್ತು ನಲವತ್ತು ಮಂದಿ ಇದ್ರು ಬಾಯಾರ. ಧನಪಾಲ ಗಾಡಿ ಚಾಲೂ ಮಾಡಿ ನಿಂತಿದ್ದ. ಎರಡನೂರಾ ಹನ್ನೆರಡರ ಫಾರ್ಮ್ ಮುಂಜಾನೆ ಬರದಿದ್ದು ಇತ್ತು. ನಂಬರ್ ಒಂದಽ ಐತಲ್ಲ ಅಂತ ಎರಡೂ ಬಾಟಲಿ ಅದಕ್ಕಽ ಕಟ್ಟಿದೆ.”

ಅವನು ಬೆಂಚಿನ ಮೇಲೆ ಕುಸಿದ. ಬಯ್ಯಬೇಕೆಂದು ನನ್ನ ನಾಲಗೆ ತುದಿಗೆ ಬಂದಿತ್ತು. ಆದರೆ ಆ ಮನುಷ್ಯ ಮೂವತ್ತು ವರ್ಷ ಒಂದು ಕಾಗದವನ್ನೂ ಕಳೆಯದೆ ನಡೆಸಿದ ಅಚ್ಚುಕಟ್ಟುತನವೇ ಈ ಎಡವಟ್ಟು ಮಾಡಿತ್ತು. ಬಯ್ಯಲಾಗಲಿಲ್ಲ.

“ಆ ಹೆಣ್ಣಮಗಳು ಯಾರು?”

“ಸೆರಗು ಮುಖದ ಮ್ಯಾಲೆ ಇತ್ರಿ. ಗಂಡಸರ ಮುಂದ ಹೇಳೂ ಜಡ್ಡಲ್ಲ, ನರ್ಸಬಾಯಿನಽ ಒಳಗ ಕರಕೊಂಡು ಹ್ವಾದ್ಲು. ನಾ ಕಾರ್ಡ್ ಅಷ್ಟಽ ನೋಡಿದೆ.”

ಆ ನರ್ಸು ಕೆಲಸ ಬಿಟ್ಟು ಪುಣೆಗೆ ಹೋಗಿ ಮೂರು ವಾರವಾಗಿದೆ.

“ಆಮ್ಯಾಲೆ ಯಾರರೇ ಕೇಳಾಕ ಬಂದಿದ್ರೇನು?”

“ಗೌರಾಬಾಯಾರು ಬಂದಿದ್ರು, ಸಾವಕಾರ್ರ ಹೆಂಡ್ತಿ. ಎರಡು ಬಾಟಲಿ ಹೋಗಿದ್ವು, ಒಂದಽ ರಿಪೋರ್ಟ್ ಬಂತಲ್ಲ ಅಂದ್ರು.” ನಾಮದೇವ ತಲೆ ತಗ್ಗಿಸಿದ. “ಏನರೇ ಇದ್ರ ಬರತಿತ್ರಿ, ಬಂದಿಲ್ಲಾ ಅಂದ್ರ ಏನೂ ಇಲ್ಲ ಅಂತ ಹೇಳಿ ಕಳಿಸಿದೆ.”

ಅನುಸೂಯಾಬಾಯಿ ರಜಿಸ್ಟರ್ ಮುಚ್ಚಿದರು. ಹೊರಗೆ ಬರುವಾಗ ನನ್ನ ತೋಳು ಹಿಡಿದು, “ಭರತಗ ಈಗಽ ಏನೂ ಹೇಳಬ್ಯಾಡ್ರಿ,” ಎಂದರು.

ಹೇಳುವ ಅಗತ್ಯವೂ ಇರಲಿಲ್ಲ, ಅವನು ನಮ್ಮ ಮುಖ ನೋಡುವ ಸ್ಥಿತಿಯಲ್ಲಿರಲಿಲ್ಲ. ಮನೆಯಲ್ಲಿ ಎಲ್ಲರಿಗೂ ಸುದ್ದಿ ಮುಟ್ಟಿಸಿ ಮುಖ ಅರಳಿಸಿಕೊಂಡು ನಿಂತಿದ್ದ.

ಅವರ ಮನೆಯಂಗಳಕ್ಕೆ ಜೀಪು ತಿರುಗಿದಾಗ ವಿರುಪಾಕ್ಷಪ್ಪನವರು ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದರು. ಮೂರು ದಿನದ ಹಿಂದೆ ಇದೇ ಕಟ್ಟೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವರು ಇವರೇನಾ ಎನಿಸಿತು. ಹೊಟ್ಟೆಗೆ ಮೂತ್ರದ ಚೀಲ ಕಟ್ಟಿಕೊಂಡು ಬದುಕುವುದಕ್ಕಿಂತ ಸಾಯುವುದೇ ಮೇಲು ಎಂದು ನನ್ನ ಕೈ ಹಿಡಿದು ಹೇಳಿದ್ದರು. ಈಗ ಎದುರಿಗೆ ತಾಟು ಇತ್ತು. ಎರಡು ರೊಟ್ಟಿ ಆಗಲೇ ಮುಗಿದಿದ್ದವು.

“ಬರ್ರಿ ಬಾಯಾರ, ಬರ್ರಿ ಸಂಭಾಜಿರಾವ್. ದೇವರು ಕೊಟ್ಟ ಚೀಲ ನಂಗ ಉಳಿಸಿ ಕೊಟ್ರಿ.” ನಕ್ಕರು. ನಗುತ್ತಲೇ ಕಣ್ಣಲ್ಲಿ ನೀರು ಬಂದು ಗಡ್ಡಕ್ಕಿಳಿಯಿತು. “ಲೇ ಭರತ, ಒಂದು ಬೀಡಿ ಕೊಡೋ.”

“ಬೀಡಿ ಹೆಸರ ತಗದ್ರ ನಾನಽ ಮಿರಜಿಗೆ ಒಯ್ಯತೀನಿ,” ಎಂದ ಭರತ.

ಅಂಗಳದ ಮೂಲೆಯಲ್ಲಿ ಯಾರೋ ಕೆಮ್ಮಿದರು. ನೋಡಿದರೆ ಧನಪಾಲ. ಸುದ್ದಿ ಕೇಳಿ ಬಂದವನು ಒಳಗೆ ಬರಲಾರದೆ, ಹಿಂತಿರುಗಲಾರದೆ ಬೇವಿನ ಗಿಡದ ಕೆಳಗೆ ನಿಂತಿದ್ದ. ಕೈಯಲ್ಲಿ ಪೇಢೆಯ ಪೊಟ್ಟಣ. ಮೂರು ವರ್ಷದಲ್ಲಿ ಅವನು ಆ ಅಂಗಳದಲ್ಲಿ ಕಾಲಿಟ್ಟಿರಲಿಲ್ಲ.

ವಿರುಪಾಕ್ಷಪ್ಪ ಅವನನ್ನು ಒಂದು ಸಲ ನೋಡಿದರು. “ನಿಂತ ಏನ ನೋಡ್ತೀಯೋ? ಬಾ, ಕುಂದ್ರು. ಬಾವಿ ಮಾತು ನಾಳೆ ಆಡೂನು.”

ಧನಪಾಲ ಬಂದು ಕಟ್ಟೆಯ ತುದಿಯಲ್ಲಿ ಕೂತ. ನನಗೆ ಮೊದಲ ಪೇಢೆ ಕೊಟ್ಟ. ನಾನು ಅವನ ಬಗ್ಗೆ ಬರೆದದ್ದನ್ನು ಓದಿರಲಿಕ್ಕಿಲ್ಲ ಎಂದುಕೊಂಡು ತಿಂದೆ. ಇಷ್ಟು ಸಿಹಿಯಾದ ಸೋಲು ನನಗೆ ಹಿಂದೆಂದೂ ಆಗಿರಲಿಲ್ಲ. ಭರತನ ಹೆಂಡತಿ ಶೀತಲ ಎಲ್ಲರಿಗೂ ಚಹಾ ತಂದಳು. ಅಂಗಳದಲ್ಲಿ ನಗು, ಮಾತು, ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು.

ಅನುಸೂಯಾಬಾಯಿ ಚಹಾ ಮುಟ್ಟಲಿಲ್ಲ. ಎದ್ದು ಅಡುಗೆಮನೆಯ ಕಡೆ ನಡೆದರು. ನಾನು ಕಪ್ಪು ಹಿಡಿದು ಹಿಂದೆಯೇ ಹೋಗಿ ಹೊಸ್ತಿಲ ಬಳಿ ನಿಂತೆ.

ಒಲೆಯ ಮುಂದೆ ಗೌರಾಬಾಯಿ ಮೂರನೆಯ ರೊಟ್ಟಿ ಬಡಿಯುತ್ತಿದ್ದರು. ಹಣೆಯ ತುಂಬ ಹಿಟ್ಟು, ಮುಖದ ತುಂಬ ನಗು.

“ಕುಂದರ್ರಿ ಬಾಯಾರ, ಬಿಸಿ ರೊಟ್ಟಿ ತಿನ್ರಿ. ಐದು ವಾರ ಆದ ಮ್ಯಾಲೆ ಇವತ್ತ ಅವರು ಕೇಳಿ ಹಾಕಿಸ್ಕೊಂಡು ಉಂಡಾರ.”

“ಗೌರಕ್ಕ, ಒಂದು ಮಾತು ಕೇಳತೀನಿ, ಮನಸಿಗೆ ಹಚ್ಚಿಕೋಬ್ಯಾಡ್ರಿ.” ಅನುಸೂಯಾಬಾಯಿ ಅವರ ಪಕ್ಕದಲ್ಲಿ ಮಣೆಯ ಮೇಲೆ ಕೂತರು. “ಆ ಗುರುವಾರ ಮಧ್ಯಾಹ್ನ ಸೂಜಿ ಹಾಕಿಸ್ಕೊಂಡಾಕಿ ನೀವೇನು?”

ರೊಟ್ಟಿ ಬಡಿಯುವ ಕೈ ನಿಂತಿತು. ಹೌದೆಂದರೆ ಹೊರಗಿನ ಆ ನಗುವನ್ನು ಯಾರು ಹೇಗೆ ನಿಲ್ಲಿಸುವುದು?

“ನಂಗೇನಾಗೈತ್ರಿ, ಗಟ್ಟಿ ಅದೀನಿ,” ಎಂದರು ಗೌರಾಬಾಯಿ.

“ಮತ್ತ ಸೊಸಿ?”

“ಅಕೀನೂ ಅಲ್ಲ.” ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, ಹೊಸ್ತಿಲಲ್ಲಿದ್ದ ನನ್ನನ್ನೊಮ್ಮೆ ನೋಡಿ, ದನಿ ತಗ್ಗಿಸಿದರು. “ಮಲಕವ್ವ. ಬೀರದೇವನ ಹೆಂಡ್ತಿ. ನಮ್ಮ ಕಬ್ಬು ಕಡದ ಹೊಲದಾಗ ತಿಂಗಳಾನುಗಟ್ಲೆ ಅವರ ಕುರಿ ಹಿಂಡು ಇತ್ತಲ್ರಿ. ಎದಿಯಾಗ ಗಂಟೈತಿ ಅಂತ ನಂಗೊಬ್ಬಾಕಿಗೆ ತೋರಿಸಿದ್ಲು. ಗಂಡಗೂ ಹೇಳಿದ್ದಿಲ್ಲ. ನಾನಽ ನಮ್ಮ ಕಾರ್ಡ್ ಕೊಟ್ಟು ಕಳಿಸಿದೆ.”

“ನಿಮ್ಮ ಮನಿ ಕಾರ್ಡ್?”

“ಹಿಂಡು ನಮ್ಮ ಹೊಲದಾಗ ಇರೂತನಕಾ ಅವರು ನಮ್ಮ ಮನಿಯವರಽ ಅಲ್ಲೇನ್ರಿ?”

ಈ ಕಡೆಯ ಹಳ್ಳಿಗಳಲ್ಲಿ ಬೆಳೆದ ಯಾರಿಗೂ ಅದರಲ್ಲಿ ತಪ್ಪು ಕಾಣದು. ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ತರುಬಿ ನಿಲ್ಲಿಸಿಕೊಂಡ ಮೇಲೆ ಆ ಕುರುಬರ ಕಾಳು, ಮಜ್ಜಿಗೆ, ಜ್ವರದ ಗುಳಿಗೆ ಎಲ್ಲವೂ ಹೊಲದ ಮನೆಯ ಜವಾಬ್ದಾರಿ. ಗೌರಾಬಾಯಿ ಅದನ್ನೇ ಮಾಡಿದ್ದರು. ನನಗೆ ನಾಚಿಕೆಯಾಗುವಷ್ಟು ಸಮಾಧಾನವಾಯಿತು, ಈ ಮನೆಯ ಯಾರಿಗೂ ಏನೂ ಇಲ್ಲ ಎಂದು.

ಅನುಸೂಯಾಬಾಯಿಗೆ ಆ ಸಮಾಧಾನ ಆಗಿರಲಿಲ್ಲ. “ಈಗ ಎಲ್ಲಿ ಅದಾಳ?”

“ಮಳಿ ಹತ್ತೂ ಮುಂದ ಹಿಂಡು ಹೊಡಕೊಂಡು ಮೂಡಣದ ಒಣ ಸೀಮಿಗೆ ಹ್ವಾದ್ರು. ಹಸಿ ನೆಲದಾಗ ಕುರಿ ಕಾಲು ಕೊಳೀತಾವಲ್ಲ. ಕೊಕಟನೂರ ದಾಟಿದ್ದು ಗೊತ್ತೈತಿ. ಮುಂದ ಯಾವ ದಿಕ್ಕೋ.”

“ಫೋನು?”

“ಬೀರದೇವಂದು ಐತಿ. ಹತ್ತು ದಿನಾ ಆತು, ಹತ್ತವಲ್ದು.” ಗೌರಾಬಾಯಿ ಅನುಸೂಯಾಬಾಯಿಯ ಮುಖವನ್ನೇ ನೋಡುತ್ತಿದ್ದರು. “ಯಾಕ್ರಿ ಬಾಯಾರ, ಅಕಿನ್ನ ಯಾಕ ಕೇಳಾಕತ್ತೀರಿ?”

ಅನುಸೂಯಾಬಾಯಿ ಅವರ ಹಿಟ್ಟಿನ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು. ಲ್ಯಾಬಿನಲ್ಲಿ ಕಂಡದ್ದನ್ನು ನಾಲ್ಕೇ ಮಾತಿನಲ್ಲಿ ಹೇಳಿದರು. ಯಜಮಾನರದೆಂದು ಬಂದ ಆ ವರದಿ ಮಲಕವ್ವಳದು, ಔಷಧ ಸಿಕ್ಕರೆ ಉಳಿಯುತ್ತಾಳೆ, ಆದರೆ ಬೇಗ ಸಿಗಬೇಕು.

ಹಂಚಿನ ಮೇಲಿನ ರೊಟ್ಟಿ ಕಪ್ಪಾಗುತ್ತಿತ್ತು. ಯಾರೂ ಅದನ್ನು ತೆಗೆಯಲಿಲ್ಲ. ಅಂಗಳದಲ್ಲಿ ವಿರುಪಾಕ್ಷ‌ಪ್ಪನವರು ಇನ್ನೊಂದು ರೊಟ್ಟಿ ಕೇಳಿ ಕೂಗುತ್ತಿದ್ದರು.

“ಅಕಿ ಹೋಗಾಕ ಒಲ್ಲೆ ಅಂದಿದ್ಲ್ರಿ ಬಾಯಾರ,” ಎಂದರು ಗೌರಾಬಾಯಿ. “ಹಿಂಡು ಮುಂದ ಹೋಗ್ಲಿ, ರಿಪೋರ್ಟ್ ಬರೂತನಕಾ ನಾ ನಿಮ್ಮನ್ಯಾಗ ಇರತೀನ್ರಿ ಅವ್ವಾರ ಅಂತ ಇದಽ ಒಲಿ ಮುಂದ ಕುಂತಿದ್ಲು. ನಾನಽ ಎಬ್ಬಿಸಿ ಕಳಿಸಿದೆ. ನಿಂದೇನೂ ಇಲ್ಲವ್ವ, ಆರಾಮ ಹೋಗು ಅಂದೆ.”